ಅಕ್ಷಿಪಟಲದ ಚಿಪ್: ಪಿಕ್ಸೆಲ್ ಎಷ್ಟು ಅನ್ನುವುದಕ್ಕಿಂತ ಯಾವ ಕೋಶ ಅನ್ನುವುದು ಮುಖ್ಯ

ಎರಡು ಮಿಲಿಮೀಟರ್ ಉದ್ದ, ಅಷ್ಟೇ ಅಗಲ, 30 ಮೈಕ್ರಾನ್ ದಪ್ಪ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ‘ಪ್ರೈಮಾ’ ಎಂಬ ಈ ಸಿಲಿಕಾನ್ ಚಿಪ್ಪನ್ನು ವಯಸ್ಸಿನ ರೋಗದಿಂದ ನಡುವಿನ ನೋಟ ಕಳೆದುಕೊಂಡ, ಯುರೋಪಿನ ಐದು ದೇಶಗಳ 38 ಮಂದಿಯ ಕಣ್ಣೊಳಗೆ ಇಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ 2025ರ ಅಕ್ಟೋಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಒಂದು ವರ್ಷದ ತಪಾಸಣೆ ಮುಗಿಸಿದವರು 32 ಮಂದಿ. ಅವರಲ್ಲಿ 26 ಮಂದಿ ದೃಷ್ಟಿಫಲಕದ ಮೇಲೆ ಮೊದಲಿಗಿಂತ ಕನಿಷ್ಠ 10 ಅಕ್ಷರ ಹೆಚ್ಚು ಓದಿದರು. ಮನೆಯಲ್ಲೂ ಅಕ್ಷರ, ಅಂಕಿ, ಪದ ಓದಲು ಅದನ್ನು ಬಳಸುತ್ತಿದ್ದೇವೆ ಎಂದವರು 27 ಮಂದಿ. ‘ಕುರುಡರಿಗೆ ಕಣ್ಣು ಬಂತು’ ಎಂಬ ಧಾಟಿಯ ಶೀರ್ಷಿಕೆಗಳ ಮೂಲ ಇದು.

ಫಲಿತಾಂಶ ನಿಜ, ದೊಡ್ಡದೂ ಹೌದು. ಹತ್ತಿಪ್ಪತ್ತು ವರ್ಷಗಳಿಂದ ಈ ಕ್ಷೇತ್ರ ಕಾಯುತ್ತಿದ್ದ ಸಾಕ್ಷ್ಯ ಇದು. ಆದರೂ ಚಿಪ್ ಕೊಡುವ ನೋಟಕ್ಕೂ ಸಹಜ ನೋಟಕ್ಕೂ ನಡುವಿನ ಕಂದಕ ಪಿಕ್ಸೆಲ್ ಸುರಿದು ತುಂಬಿಸುವಂಥದ್ದಲ್ಲ. ಮೊಬೈಲ್ ಕ್ಯಾಮೆರಾ ಕೊಳ್ಳುವಾಗಿನ ಲೆಕ್ಕಾಚಾರವನ್ನೇ ಇಲ್ಲಿಗೂ ತಂದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ವಿದ್ಯುತ್ತು ರೆಟಿನಾದ, ಅಂದರೆ ಅಕ್ಷಿಪಟಲದ, ಯಾವ ಪದರಕ್ಕೆ, ಯಾವ ಜಾತಿಯ ಕೋಶಕ್ಕೆ, ಎಷ್ಟು ಹತ್ತಿರದಿಂದ ತಲಪುತ್ತದೆ ಎಂಬುದರ ಮೇಲೆ ಕಾಣುವುದೆಲ್ಲ ನಿಂತಿದೆ.

ಯಾರ ಕಣ್ಣಿಗೆ, ಯಾರ ಕಣ್ಣಿಗಲ್ಲ

ರೆಟಿನಾದಲ್ಲಿ ಬೆಳಕನ್ನು ಹಿಡಿಯುವುದು ದಂಡಕೋಶ ಮತ್ತು ಶಂಕುಕೋಶಗಳು. ದಂಡಕೋಶಗಳು ಸುಮಾರು 12 ಕೋಟಿ, ಶಂಕುಕೋಶಗಳು ಸುಮಾರು 60 ಲಕ್ಷ. ಇವುಗಳ ಸಂಕೇತವನ್ನು ಬೈಪೋಲಾರ್ ಕೋಶಗಳು ತೆಗೆದುಕೊಂಡು, ಸೋಸಿ, ಗ್ಯಾಂಗ್ಲಿಯನ್ ಕೋಶಗಳಿಗೆ ದಾಟಿಸುತ್ತವೆ. ಹತ್ತು ಲಕ್ಷಕ್ಕೆ ತುಸು ಹೆಚ್ಚಿರುವ ಈ ಗ್ಯಾಂಗ್ಲಿಯನ್ ಕೋಶಗಳ ಉದ್ದನೆಯ ಎಳೆಗಳೇ ಒಟ್ಟುಗೂಡಿ ದೃಷ್ಟಿನರವಾಗಿ ಮೆದುಳಿಗೆ ಹೋಗುತ್ತವೆ. 12 ಕೋಟಿಗೂ ಮೀರಿದ ಕೋಶಗಳ ಮಾಹಿತಿ ಹತ್ತು ಲಕ್ಷ ಎಳೆಗಳಲ್ಲಿ ಹೋಗಬೇಕಾದರೆ ದಾರಿಯಲ್ಲಿ ಎಷ್ಟೊಂದು ಲೆಕ್ಕಾಚಾರ ನಡೆದಿರಬೇಕು! ಚಿಪ್ ಮಾಡುವವರಿಗೆ ತಲೆನೋವಾಗಿರುವುದೇ ಈ ಲೆಕ್ಕಾಚಾರ.

ಚಿಪ್ ಕೆಲಸ ಮಾಡುವುದು ಒಂದೇ ಸಂದರ್ಭದಲ್ಲಿ: ಬೆಳಕು ಹಿಡಿಯುವ ಕೋಶಗಳು ಸತ್ತು, ಅವುಗಳ ಮುಂದಿನ ಕೋಶಗಳೂ ದೃಷ್ಟಿನರವೂ ಉಳಿದಿದ್ದಾಗ. ಇಂಥ ಸ್ಥಿತಿ ಮುಖ್ಯವಾಗಿ ಎರಡು ರೋಗಗಳಲ್ಲಿ ಬರುತ್ತದೆ. ಒಂದು, ವಯಸ್ಸಿನಿಂದ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಸವೆಯುವ ರೋಗದ ಒಣ ಬಗೆಯ ಕೊನೆಯ ಹಂತ. ಇದರಲ್ಲಿ ನಡುವಿನ ನೋಟ ಹೋಗಿ ಅಂಚಿನ ನೋಟ ಉಳಿಯುತ್ತದೆ. ಇನ್ನೊಂದು ರೆಟಿನೈಟಿಸ್ ಪಿಗ್ಮೆಂಟೋಸಾ. ವಂಶವಾಹಿಯ ದೋಷದಿಂದ ಬರುವ ಇದು ಇರುಳುಗುರುಡಿನಿಂದ ಶುರುವಾಗಿ, ಅಂಚಿನಿಂದ ಒಳಗೊಳಗೆ ನೋಟ ಕಿರಿದಾಗುತ್ತಾ ಬರುತ್ತದೆ.

ಗ್ಲಾಕೋಮಾದಲ್ಲಿ ಸಾಯುವುದು ಗ್ಯಾಂಗ್ಲಿಯನ್ ಕೋಶಗಳು. ಸಂಕೇತ ಸಾಗುವ ದಾರಿಯೇ ಕಡಿದುಹೋದ ಮೇಲೆ ರೆಟಿನಾದ ಚಿಪ್ಪಿಗೆ ಅಲ್ಲಿ ಕೆಲಸವಿಲ್ಲ. ಅಪಘಾತದಲ್ಲಿ ದೃಷ್ಟಿನರ ಜಜ್ಜಿಹೋದವರಿಗೂ ಅದೇ ಉತ್ತರ. ಸಕ್ಕರೆ ಕಾಯಿಲೆ ಮುಂದುವರಿದು ಕೆಟ್ಟ ರೆಟಿನಾದಲ್ಲಿ ರಕ್ತನಾಳಗಳ ಜೊತೆ ಒಳಪದರಗಳೂ ಹಾಳಾಗಿರುತ್ತವೆ. ಹುಟ್ಟಿನಿಂದಲೇ ಕಾಣದವರಲ್ಲಿ ನೋಡುವುದನ್ನು ಮೆದುಳು ಕಲಿತೇ ಇರುವುದಿಲ್ಲ, ಹಾಗಾಗಿ ಅವರನ್ನು ಈ ಪರೀಕ್ಷೆಗಳಿಗೆ ತೆಗೆದುಕೊಳ್ಳುವುದಿಲ್ಲ. ಇನ್ನು ಪೊರೆ ಬಂದವರಿಗೆ ಮಾಮೂಲಿ ಲೆನ್ಸ್ ಶಸ್ತ್ರಚಿಕಿತ್ಸೆ ಸಾಕು, ಚಿಪ್ಪಿನ ಮಾತೇ ಬೇಡ. ನಮ್ಮ ಸುತ್ತಮುತ್ತ ಕಣ್ಣು ಕಾಣದವರಲ್ಲಿ ಬಹುಪಾಲು ಜನ ಈ ‘ಅಲ್ಲ’ದ ಪಟ್ಟಿಗೇ ಸೇರುತ್ತಾರೆ ಎಂಬುದನ್ನು ಸುದ್ದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಆರ್ಗಸ್ ಕಲಿಸಿದ ಪಾಠ

ಈ ಕ್ಷೇತ್ರದಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಕ್ಯಾಲಿಫೋರ್ನಿಯಾದ ಸೆಕೆಂಡ್ ಸೈಟ್ ಕಂಪನಿಯ ಆರ್ಗಸ್-2. ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು. ಆಗ ಅದರ ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್, ಶಸ್ತ್ರಚಿಕಿತ್ಸೆಯ ಖರ್ಚು ಬೇರೆ. ಕನ್ನಡಕದ ಮೂಗಿನ ಮೇಲೊಂದು ಕ್ಯಾಮೆರಾ. ಅದರ ಚಿತ್ರ ತಂತಿಯ ಮೂಲಕ ಸೊಂಟದ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಸಂಸ್ಕರಣೆಯಾಗಿ ಕನ್ನಡಕದ ಸುರುಳಿಗೆ ಹಿಂದಿರುಗಿ, ಅಲ್ಲಿಂದ ರೇಡಿಯೋ ತರಂಗವಾಗಿ ಕಣ್ಣುಗುಡ್ಡೆಯ ಪಕ್ಕ ಹೊಲಿದ ಇನ್ನೊಂದು ಸುರುಳಿಗೆ. ಕೊನೆಗೆ ಅದು ತಲಪುವುದು ರೆಟಿನಾದ ಮೇಲ್ಮೈಗೆ ಒಂದು ಪುಟ್ಟ ಮೊಳೆಯಿಂದ ಚುಚ್ಚಿ ನಿಲ್ಲಿಸಿದ, ವಿದ್ಯುತ್ತು ಕೊಡುವ ಲೋಹದ ಬಿಂದುಗಳಾದ 60 ಎಲೆಕ್ಟ್ರೋಡ್‌ಗಳ ಹಾಳೆಗೆ. ಒಂದೊಂದು ಎಲೆಕ್ಟ್ರೋಡ್‌ನ ವ್ಯಾಸ 200 ಮೈಕ್ರಾನ್.

60 ಎಲೆಕ್ಟ್ರೋಡ್ ಎಂದರೆ 60 ಚುಕ್ಕೆಗಳ ಚಿತ್ರ ಎಂದು ವಿನ್ಯಾಸಕಾರರು ನಿರೀಕ್ಷಿಸಿದ್ದರು. ಬಳಸಿದವರು ವರ್ಣಿಸಿದ್ದು ಬೇರೆಯೇ: ಕಮಾನು, ಬಾಲವಿರುವ ಗೆರೆ, ತ್ರಿಕೋನದಂಥ ಮಿಂಚು. ಇದಕ್ಕೆ ಕಾರಣ ರೆಟಿನಾದ ರಚನೆಯಲ್ಲೇ ಇದೆ. ಗ್ಯಾಂಗ್ಲಿಯನ್ ಕೋಶಗಳ ಎಳೆಗಳು ರೆಟಿನಾದ ಮೇಲ್ಮೈಯಲ್ಲಿ ಬಾಗಿ ಬಾಗಿ ದೃಷ್ಟಿನರದ ಕಡೆ ಹರಿಯುತ್ತವೆ. ಮೇಲ್ಮೈಯಲ್ಲಿ ಕೂತ ಎಲೆಕ್ಟ್ರೋಡ್ ತನ್ನ ಕೆಳಗಿನ ಕೋಶದ ಜೊತೆಗೆ ಹತ್ತಿರದಲ್ಲಿ ಹಾದುಹೋಗುವ ಎಳೆಗಳನ್ನೂ ಕೆರಳಿಸುತ್ತದೆ. ಆ ಎಳೆಯ ಮೂಲ ಎಲ್ಲೋ ದೂರದ ಕೋಶದಲ್ಲಿರುತ್ತದೆ, ಮೆದುಳು ಬೆಳಕನ್ನು ಅಲ್ಲಿಯೂ ‘ಕಾಣುತ್ತದೆ’. ಹೀಗೆ ಒಂದು ಚುಕ್ಕೆ ಎಳೆಗಳ ಜಾಡಿನುದ್ದಕ್ಕೂ ಉಜ್ಜಿದ ಗೆರೆಯಾಗುತ್ತದೆ. 25 ಮಿಲಿಸೆಕೆಂಡಿಗಿಂತ ಉದ್ದನೆಯ ಮಿಡಿತ ಕೊಟ್ಟರೆ ಎಳೆಗಳು ಕೆರಳದೆ ಒಳಗಿನ ಬೈಪೋಲಾರ್ ಕೋಶಗಳು ಸ್ಪಂದಿಸುತ್ತವೆ ಎಂದು ಆಮೇಲೆ ತಿಳಿಯಿತು. ಆದರೆ ಮಿಡಿತ ಉದ್ದವಾದಷ್ಟೂ ಎಲೆಕ್ಟ್ರೋಡ್‌ನಿಂದ ಹರಿಯುವ ವಿದ್ಯುದಾವೇಶ ಹೆಚ್ಚುತ್ತದೆ. ಲೋಹ ಸವೆಯದಂತೆ, ಅಂಗಾಂಶ ಸುಡದಂತೆ ಕಾಯುವ ಸುರಕ್ಷತಾ ಮಿತಿ ಅಲ್ಲಿ ಅಡ್ಡ ಬರುತ್ತದೆ.

ಹಾಳೆ ರೆಟಿನಾಕ್ಕೆ ಸಮವಾಗಿ ಅಂಟಿಕೊಳ್ಳುವುದೂ ಇಲ್ಲ. ಮೊಳೆ ಇರುವ ಕಡೆ ಹತ್ತಿರ, ಎದುರು ತುದಿ ಸ್ವಲ್ಪ ಮೇಲೆ. ಅಂತರ ಹೆಚ್ಚಿದಂತೆ ಬೇಕಾಗುವ ವಿದ್ಯುತ್ತು ಏರುತ್ತದೆ, ಚುಕ್ಕೆ ಇನ್ನಷ್ಟು ಹರಡುತ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ಒಂದೊಂದು ಎಲೆಕ್ಟ್ರೋಡನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕಿತ್ತು, ಕೆಲವನ್ನು ಆರಿಸಿಯೇ ಬಿಡಬೇಕಿತ್ತು. ಆರ್ಗಸ್-2ರಲ್ಲಿ ದಾಖಲಾದ ಅತ್ಯುತ್ತಮ ದೃಷ್ಟಿ 20/1260. ಅಂದರೆ ಸಹಜ ಕಣ್ಣಿಗೆ 1260 ಅಡಿ ದೂರದಿಂದ ಕಾಣುವುದು ಇವರಿಗೆ 20 ಅಡಿಯಿಂದ ಕಾಣುತ್ತದೆ. ನಮ್ಮ ಆಸ್ಪತ್ರೆಗಳ ಲೆಕ್ಕದಲ್ಲಿ ಹೇಳಿದರೆ 1/60ರ ಆಸುಪಾಸು. ಬಾಗಿಲು ಎಲ್ಲಿದೆ, ಕಿಟಕಿಯ ಬೆಳಕು ಯಾವ ಕಡೆ, ರಸ್ತೆ ದಾಟುವ ಬಿಳಿ ಪಟ್ಟೆ ಎಲ್ಲಿ ಎಂಬುದಕ್ಕೆ ಅದು ನೆರವಾಯಿತು. ಮುಖ ಗುರುತಿಸುವುದಕ್ಕಲ್ಲ.

ಅದೇ ಕಾಲದಲ್ಲಿ ಜರ್ಮನಿಯ ರಾಯ್ಟ್‌ಲಿಂಗೆನ್‌ನ ರೆಟಿನಾ ಇಂಪ್ಲಾಂಟ್ ಕಂಪನಿ ಬೇರೆ ದಾರಿ ಹಿಡಿಯಿತು. 3 ಮಿಲಿಮೀಟರ್ ಚೌಕದಲ್ಲಿ 1500 ಬೆಳಕು-ಡಯೋಡ್‌ಗಳಿದ್ದ ಅವರ ಆಲ್ಫಾ ಚಿಪ್ ಕೂರುತ್ತಿದ್ದದ್ದು ರೆಟಿನಾದ ಅಡಿಯಲ್ಲಿ, ಸತ್ತ ಬೆಳಕು-ಕೋಶಗಳ ಜಾಗದಲ್ಲಿ. ಹೊರಗೆ ಕ್ಯಾಮೆರಾ ಇಲ್ಲ. ಕಣ್ಣು ಹೊರಳಿದ ಕಡೆಗೆ ಚಿಪ್ಪೂ ಹೊರಳುತ್ತಿತ್ತು. ಆರ್ಗಸ್‌ಗಿಂತ 25 ಪಟ್ಟು ಬಿಂದುಗಳಿದ್ದರೂ ದೊರೆತ ಅತ್ಯುತ್ತಮ ದೃಷ್ಟಿ 20/546, ಅಂದರೆ ಎರಡು ಪಟ್ಟಿಗೆ ಸ್ವಲ್ಪ ಹೆಚ್ಚು. ಅಕ್ಕಪಕ್ಕದ ಬಿಂದುಗಳ ವಿದ್ಯುತ್ತು ಒಂದರೊಳಗೊಂದು ಬೆರೆತು ಮಬ್ಬಾಗುವುದನ್ನು ತಡೆಯುವ ಏರ್ಪಾಡು ಚಿಪ್ಪಿನಲ್ಲಿ ಇರಲಿಲ್ಲ. ಮೇಲಾಗಿ ಕಣ್ಣಿನಿಂದ ಕಿವಿಯ ಹಿಂಭಾಗದವರೆಗೆ ಚರ್ಮದಡಿ ಎಳೆದ ವಿದ್ಯುತ್ ತಂತಿ. ಕಣ್ಣು ದಿನವಿಡೀ ಅತ್ತಿತ್ತ ಆಡುವ ಅಂಗ. ತಂತಿ, ತೇವ, ಉಪ್ಪುನೀರು ಮೂರೂ ಸೇರಿದರೆ ಯಾವ ಚಿಪ್ಪಿಗೂ ಹೆಚ್ಚು ಆಯಸ್ಸಿಲ್ಲ. ಕಂಪನಿ 2019ರಲ್ಲಿ ಬಾಗಿಲು ಹಾಕಿತು.

ಪ್ರೈಮಾದಲ್ಲಿ ಏನು ಬದಲಾಯಿತು

ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿ ಡ್ಯಾನಿಯಲ್ ಪಲಾಂಕರ್ ತಂತಿಯನ್ನೇ ತೆಗೆದುಹಾಕಿದರು. ಪ್ರೈಮಾದ 378 ಪಿಕ್ಸೆಲ್‌ಗಳಲ್ಲಿ ಪ್ರತಿಯೊಂದೂ 100 ಮೈಕ್ರಾನ್ ಅಗಲದ ಪುಟ್ಟ ಸೌರಕೋಶ. ಬೆಳಕು ಬಿದ್ದರೆ ಅದೇ ವಿದ್ಯುತ್ ಉತ್ಪಾದಿಸಿ ಪಕ್ಕದ ಬೈಪೋಲಾರ್ ಕೋಶಗಳನ್ನು ಕೆರಳಿಸುತ್ತದೆ. ಹೊರಗಿನಿಂದ ಬ್ಯಾಟರಿ ಬೇಡ, ಸುರುಳಿ ಬೇಡ.

ಆದರೆ ಬೀದಿಯ ಬೆಳಕು ಈ ಕೆಲಸಕ್ಕೆ ಎಲ್ಲಿಗೂ ಸಾಲದು. ಬೇಕಾದ ತೀವ್ರತೆ ಅದರ ನೂರಾರು ಪಟ್ಟು. ಅದಕ್ಕೆ ಕನ್ನಡಕದೊಳಗಿನ ಪ್ರೊಜೆಕ್ಟರ್ ಕ್ಯಾಮೆರಾದ ಚಿತ್ರವನ್ನು 880 ನ್ಯಾನೋಮೀಟರ್‌ನ ಅವಕೆಂಪು ಬೆಳಕಾಗಿ ಕಣ್ಣಿನೊಳಗೆ ಎಸೆಯುತ್ತದೆ. ಅವಕೆಂಪನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಂಚಿನಲ್ಲಿ ಇನ್ನೂ ಬದುಕಿರುವ ಸಹಜ ಕೋಶಗಳಿಗೆ ಅದು ಕಾಣುವುದಿಲ್ಲ, ಹಾಗಾಗಿ ಅದು ಕಣ್ಣು ಕುಕ್ಕುವುದಿಲ್ಲ. ಬೆಳಕು ಬಿಡದೆ ಸುರಿಯುವುದೂ ಇಲ್ಲ. ಸೆಕೆಂಡಿಗೆ 30 ಬಾರಿ ಮಿಡಿಯುತ್ತದೆ, ಪ್ರತಿ ಮಿಡಿತ ಹೆಚ್ಚೆಂದರೆ 10 ಮಿಲಿಸೆಕೆಂಡಿನ ಹತ್ತಿರ. ಹೊಳಪು ಹೆಚ್ಚಿಸಬೇಕಾದರೆ ಮಿಡಿತವನ್ನು ಉದ್ದ ಮಾಡಬೇಕು. ಎರಡು ಮಿಡಿತಗಳ ನಡುವಿನ ಕತ್ತಲಲ್ಲಿ ಎಲೆಕ್ಟ್ರೋಡ್‌ನಲ್ಲಿ ಕೂಡಿದ ಆವೇಶ ಹಿಂದಕ್ಕೆ ಹರಿದು ಶೂನ್ಯಕ್ಕೆ ಬರುತ್ತದೆ. ಹಾಗೆ ಬರದಿದ್ದರೆ ಲೋಹ ಕರಗಲು, ಸುತ್ತಲಿನ ಅಂಗಾಂಶ ಕೆಡಲು ಶುರುವಾಗುತ್ತದೆ. ಪ್ರತಿ ಪಿಕ್ಸೆಲ್ಲಿನ ಸುತ್ತ ವಿದ್ಯುತ್ತು ಮರಳುವ ಉಂಗುರವೂ ಇರುವುದರಿಂದ ಬೆರಕೆ ಕಡಿಮೆ. ಆಲ್ಫಾ ಚಿಪ್ಪಿನಲ್ಲಿ ಕೊರತೆಯಾಗಿದ್ದದ್ದು ಇದೇ.

ಶಸ್ತ್ರಚಿಕಿತ್ಸೆ ರೆಟಿನಾ ತಜ್ಞರ ಕೈಗೆ ಒಗ್ಗಿದ ಹೆಜ್ಜೆಗಳೇ, ಜೋಡಣೆ ಮಾತ್ರ ಹೊಸದು. ಮೊದಲು ಕಣ್ಣೊಳಗಿನ ವಿಟ್ರಿಯಸ್ ಲೋಳೆಯನ್ನು ತೆಗೆಯುತ್ತಾರೆ. ಮ್ಯಾಕ್ಯುಲಾದ ಹತ್ತಿರ ರೆಟಿನಾದ ಅಡಿಗೆ ದ್ರವ ಚುಚ್ಚಿ ಅದನ್ನು ಗುಳ್ಳೆಯಂತೆ ಎಬ್ಬಿಸಿ, ಸಣ್ಣದೊಂದು ಸೀಳು ಮಾಡಿ, ಅದರೊಳಗಿನಿಂದ ಚಿಪ್ಪನ್ನು ಸವೆದ ಜಾಗದ ನಡುವಿಗೆ ಜಾರಿಸುತ್ತಾರೆ. ಭಾರದ ದ್ರವ ತುಂಬಿ ರೆಟಿನಾವನ್ನು ಮತ್ತೆ ಚಪ್ಪಟೆಯಾಗಿ ಕೂರಿಸಿ, ಸೀಳಿನ ಸುತ್ತ ಲೇಸರ್ ಬೆಸುಗೆ ಹಾಕಿ, ಗಾಯ ಮಾಗುವವರೆಗೆ ಒತ್ತಿಹಿಡಿಯಲು ಸಿಲಿಕೋನ್ ಎಣ್ಣೆ ಅಥವಾ ಅನಿಲ ಬಿಡುತ್ತಾರೆ. ಕಷ್ಟದ ಗಳಿಗೆ ಗುಳ್ಳೆ ಎಬ್ಬಿಸುವುದು. ಸವೆದ ಜಾಗದಲ್ಲಿ ರೆಟಿನಾ ಬಹಳ ತೆಳುವಾಗಿ ಕೆಳಪದರಕ್ಕೆ ಅಂಟಿಕೊಂಡಿರುತ್ತದೆ. ಒತ್ತಡ ತುಸು ಹೆಚ್ಚಾದರೆ ನಡುಮಧ್ಯದಲ್ಲೇ ತೂತು.

ತೊಂದರೆಗಳನ್ನು ಪರೀಕ್ಷೆಯ ವರದಿ ಬಚ್ಚಿಟ್ಟಿಲ್ಲ. 19 ಮಂದಿಯಲ್ಲಿ ಒಟ್ಟು 26 ಗಂಭೀರ ತೊಡಕುಗಳು ಕಾಣಿಸಿಕೊಂಡವು: ಕಣ್ಣಿನ ಒತ್ತಡ ಏರುವುದು, ರೆಟಿನಾದ ಅಂಚಿನಲ್ಲಿ ಬಿರುಕು, ಅದರಡಿಯಲ್ಲಿ ರಕ್ತ. ಇವುಗಳಲ್ಲಿ 21 ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ತಿಂಗಳಲ್ಲೇ ಬಂದವು, ಅವುಗಳಲ್ಲಿ ಒಂದು ಬಿಟ್ಟು ಉಳಿದವು ಎರಡು ತಿಂಗಳೊಳಗೆ ಸರಿಯಾದವು. ಉಳಿದಿದ್ದ ಅಂಚಿನ ನೋಟ ಸರಾಸರಿಯಲ್ಲಿ ಕುಂದಲಿಲ್ಲ. 38ರಲ್ಲಿ 19 ಎಂದರೆ ಅರ್ಧ. ಸರಾಸರಿ ವಯಸ್ಸು 79ರ ಆಸುಪಾಸಿನವರಲ್ಲಿ ಈ ಪ್ರಮಾಣವನ್ನು ಸಣ್ಣದೆನ್ನಲು ಬರುವುದಿಲ್ಲ, ಅವರು ಕಳೆದುಕೊಂಡಿದ್ದನ್ನು ನೆನೆದರೆ ದೊಡ್ಡದೆನ್ನಲೂ ಬರುವುದಿಲ್ಲ.

ಸುಮಾರು ಒಂದು ತಿಂಗಳ ನಂತರ ಕನ್ನಡಕ ಚಾಲೂ ಮಾಡುತ್ತಾರೆ. ಅಂದೇ ಏನೂ ಓದಲಾಗುವುದಿಲ್ಲ. ಮೊದಲು ಬೆಳಕಿನ ಗೆರೆ, ಆಮೇಲೆ ಗೆರೆಯ ದಿಕ್ಕು, ಆಮೇಲೆ ದೊಡ್ಡ ಅಕ್ಷರ. ಹೀಗೆ ತಿಂಗಳುಗಟ್ಟಲೆ ತರಬೇತಿ. ವರ್ಷಗಳಿಂದ ನಡುವಿನ ಕುರುಡು ಜಾಗವನ್ನು ತಪ್ಪಿಸಿ ಪಕ್ಕದಿಂದ ನೋಡಿ ರೂಢಿಯಾದವರು ಮತ್ತೆ ನೇರವಾಗಿ ನೋಡಲು ಕಲಿಯಬೇಕು. ಅದೇ ಅವರಿಗೆ ಕಷ್ಟ.

3/60ರ ಗೋಡೆ, ಮತ್ತು ಕನ್ನಡದ ಒತ್ತಕ್ಷರ

ಒಂದು ಸಣ್ಣ ಗಣಿತ ಮಾಡೋಣ. ರೆಟಿನಾದ ಮೇಲೆ ಸುಮಾರು 5 ಮೈಕ್ರಾನ್ ಎಂದರೆ ನೋಟದ ಒಂದು ಕೋನ-ನಿಮಿಷ (ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು). 20/20 ದೃಷ್ಟಿ ಇರುವವರು ಗುರುತಿಸುವ ಅತಿ ಸಣ್ಣ ವಿವರ ಅದೇ ಒಂದು ನಿಮಿಷ. 100 ಮೈಕ್ರಾನ್ ಪಿಕ್ಸೆಲ್ ಅಂದರೆ 21 ನಿಮಿಷ. ಹಾಗಾಗಿ ಚಿಪ್ಪಿನ ಸ್ವಂತ ಮಿತಿ 20/420. ಮೀಟರ್ ಲೆಕ್ಕದಲ್ಲಿ ಇದು 3/63. ನಮ್ಮ ದೇಶದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 2017ರಿಂದ ‘ಕುರುಡು’ ಎಂದು ಗೆರೆ ಎಳೆದಿರುವುದು 3/60ಕ್ಕಿಂತ ಕೆಳಗೆ. ಅಂದರೆ ಚಿಪ್ ತನ್ನ ಅತ್ಯುತ್ತಮ ಸ್ಥಿತಿಯಲ್ಲೂ, ಬೇರೆ ನೆರವಿಲ್ಲದೆ, ಆ ಗೆರೆಯ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತದೆ!

ಹಾಗಿದ್ದರೆ ಸರಾಸರಿ 25 ಅಕ್ಷರದ ಸುಧಾರಣೆ ಎಲ್ಲಿಂದ ಬಂತು? ಒಂದು ಪಾಲು ಚಿಪ್ಪಿನಿಂದ, ಇನ್ನೊಂದು ಪಾಲು ಕನ್ನಡಕದ ಜೂಮ್ ಗುಂಡಿಯಿಂದ. ಕ್ಯಾಮೆರಾ ಚಿತ್ರವನ್ನು 12 ಪಟ್ಟಿನವರೆಗೆ ಹಿಗ್ಗಿಸಬಹುದು. ಇದರಲ್ಲಿ ಮೋಸವೇನಿಲ್ಲ, ಕೈಯಲ್ಲಿ ಹಿಡಿದ ಭೂತಗನ್ನಡಿಯಂತೆ ಅದೂ ಸಾಧನದ ಭಾಗ. ಆದರೆ ಪರೀಕ್ಷೆಯಲ್ಲಿ ಬರೀ ಎಲೆಕ್ಟ್ರಾನಿಕ್ ಭೂತಗನ್ನಡಿ ಕೊಟ್ಟ ಹೋಲಿಕೆಯ ಗುಂಪು ಇರಲಿಲ್ಲ. ಅದೇ ವ್ಯಕ್ತಿಯ ಹಿಂದಿನ ದೃಷ್ಟಿಗೆ ಈಗಿನದನ್ನು ಹೋಲಿಸಿದ್ದಾರೆ. ಫಲಿತಾಂಶ ಓದುವಾಗ ಈ ಅಂಶ ಕಣ್ಣಮುಂದಿರಬೇಕು.

ಜೂಮ್‌ಗೆ ಬೆಲೆ ತೆರಬೇಕು. 2 ಮಿಲಿಮೀಟರ್ ಚಿಪ್ ಆವರಿಸುವ ನೋಟ ಸುಮಾರು 7 ಡಿಗ್ರಿ. 40 ಸೆಂಟಿಮೀಟರ್ ದೂರದಲ್ಲಿ ಹಿಡಿದ ಪತ್ರಿಕೆಯ ಮೇಲೆ ಅದು ಹೆಚ್ಚುಕಡಿಮೆ 5 ಸೆಂಟಿಮೀಟರ್ ಅಗಲದ ಕಿಟಕಿ. ಆ ಕಿಟಕಿಗೆ ಅಡ್ಡಲಾಗಿ ಇರುವುದು 20 ಪಿಕ್ಸೆಲ್. ಒಂದು ಪಿಕ್ಸೆಲ್ಲಿಗೆ ಎರಡೂವರೆ ಮಿಲಿಮೀಟರ್. 3 ಮಿಲಿಮೀಟರ್ ಅಗಲದ ಅಕ್ಷರವೊಂದು ಒಂದೇ ಚುಕ್ಕೆಯಾಗಿ ಮುಗಿದುಹೋಗುತ್ತದೆ. ಹತ್ತು ಪಟ್ಟು ಹಿಗ್ಗಿಸಿದರೆ ಅದೇ ಅಕ್ಷರಕ್ಕೆ 12 ಪಿಕ್ಸೆಲ್ ಸಿಗುತ್ತವೆ, ಆದರೆ ಕಿಟಕಿ ಅರ್ಧ ಸೆಂಟಿಮೀಟರಿಗೆ ಕುಗ್ಗಿ ಒಂದೂವರೆ ಅಕ್ಷರ ಮಾತ್ರ ಒಮ್ಮೆಗೆ ಹಿಡಿಸುತ್ತದೆ. ಓದುವುದು ಎಂದರೆ ಒಂದೊಂದೇ ಅಕ್ಷರ ಹೆಕ್ಕಿ ಮನಸ್ಸಿನಲ್ಲಿ ಪೋಣಿಸುವುದು.

ಪರೀಕ್ಷೆ ನಡೆದದ್ದು ಫ್ರಾನ್ಸ್, ಜರ್ಮನಿ, ಇಟಲಿ, ನೆದರ್ಲೆಂಡ್ಸ್, ಬ್ರಿಟನ್‌ನಲ್ಲಿ. ಎಲ್ಲ ಕಡೆ ಲ್ಯಾಟಿನ್ ಲಿಪಿ. ದೊಡ್ಡಕ್ಷರದ ಇ ಅಥವಾ ಎಚ್‌ಗೆ ಐದು ಪಿಕ್ಸೆಲ್ ಎತ್ತರ ಸಾಕಾಗುತ್ತದೆ, ಗೆರೆಗಳು ನೇರ. ಕನ್ನಡದಲ್ಲಿ ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಬೇರೆಯಾಗುವುದು ಅಡಿಯಲ್ಲಿನ ಒಂದು ಸಣ್ಣ ಸೀಳಿನಿಂದ. ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ‘ಸ್ತ್ರೀ’ ಅಥವಾ ‘ಲಕ್ಷ್ಮಿ’ಯಂಥ ಪದದಲ್ಲಿ ಮೂರು ಅಂತಸ್ತು. ಇಂಥ ಒಂದು ಅಕ್ಷರಕ್ಕೆ 15 ಪಿಕ್ಸೆಲ್ ಎತ್ತರವಾದರೂ ಬೇಕಾದೀತು ಎಂಬುದು ನಮ್ಮ ಅಂದಾಜು, ಅಂದರೆ ಚಿಪ್ಪಿನ ಮುಕ್ಕಾಲು ಭಾಗ ಒಂದೇ ಅಕ್ಷರಕ್ಕೆ. ಯುರೋಪಿನ ಓದಿನ ಫಲಿತಾಂಶವನ್ನು ಕನ್ನಡಕ್ಕೆ ಹಾಗೇ ದಾಟಿಸುವ ಹಾಗಿಲ್ಲ. ಬಸ್ಸಿನ ಮಾರ್ಗದ ಸಂಖ್ಯೆ, ಮಾತ್ರೆ ಪಟ್ಟಿಯ ಮೇಲಿನ ಅಂಕಿ ಓದುವುದು ಸುಲಭವಾದೀತು. ಪತ್ರಿಕೆಯ ಸಂಪಾದಕೀಯಕ್ಕಿಂತ ಮೊದಲು ಅದೇ ಸಾಧ್ಯವಾಗುವುದು.

ಪಿಕ್ಸೆಲ್ ಚಿಕ್ಕದು ಮಾಡಿದರೆ ಮುಗಿಯಿತಲ್ಲ? ಅಲ್ಲೇ ಭೌತವಿಜ್ಞಾನ ತಡೆಯುತ್ತದೆ. ಪಿಕ್ಸೆಲ್ ಕಿರಿದಾದಂತೆ ಅದರ ವಿದ್ಯುತ್ ಕ್ಷೇತ್ರ ಏರುವ ಎತ್ತರವೂ ಕಿರಿದಾಗುತ್ತದೆ, ಏಕೆಂದರೆ ಸುತ್ತಲಿನ ಉಂಗುರ ಅದನ್ನು ಬೇಗ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬೈಪೋಲಾರ್ ಕೋಶಗಳಿರುವುದು ಚಿಪ್ಪಿನಿಂದ ಹತ್ತಾರು ಮೈಕ್ರಾನ್ ಮೇಲೆ. ನಡುವೆ ಸತ್ತ ಕೋಶಗಳ ಉಳಿಕೆ. ಚಿಕ್ಕ ಪಿಕ್ಸೆಲ್ಲಿನ ವಿದ್ಯುತ್ತು ಅಲ್ಲಿಗೆ ಮುಟ್ಟುವುದೇ ಇಲ್ಲ. ಆದ್ದರಿಂದ ಪಲಾಂಕರ್ ತಂಡ ಮರಳುವ ಎಲೆಕ್ಟ್ರೋಡನ್ನು ಗೋಡೆಯಂತೆ ಮೇಲಕ್ಕೆ ಎತ್ತಿ ಜೇನುಗೂಡಿನ ಕೋಣೆಗಳನ್ನು ಮಾಡಿದೆ. ಇಲಿಗಳ ರೆಟಿನಾದಲ್ಲಿ ಬೈಪೋಲಾರ್ ಕೋಶಗಳು ತಾವೇ ಆ ಕೋಣೆಗಳೊಳಗೆ ಇಳಿದು ಕೂತವು. ಕ್ಷೇತ್ರ ಈಗ ನೇರ ಮೇಲ್ಮುಖ, ಪಕ್ಕಕ್ಕೆ ಹರಡದು. 20 ಮೈಕ್ರಾನ್ ಪಿಕ್ಸೆಲ್ ಮನುಷ್ಯರಲ್ಲಿ ಕೆಲಸ ಮಾಡಿದರೆ ಮಿತಿ 20/80ಕ್ಕೆ, ನಮ್ಮ 6/24ಕ್ಕೆ ಬರುತ್ತದೆ. ಅದು ‘ಮಾಡಿದರೆ’ಯ ಮಾತು.

ಸಹಜ ನೋಟ ಎಂದರೆ ಯಾವ ಭಾಷೆ

6/24 ಸಿಕ್ಕರೂ ಅದು ಸಹಜ ನೋಟವಲ್ಲ ಎಂಬುದನ್ನು ಅರಿಯಬೇಕಾದರೆ ಗ್ಯಾಂಗ್ಲಿಯನ್ ಕೋಶಗಳ ಹತ್ತಿರ ಹೋಗಬೇಕು. ಮಂಗ, ಮನುಷ್ಯರ ರೆಟಿನಾದಲ್ಲಿ ಇವು ಸುಮಾರು 20 ಜಾತಿ. ಕೆಲವು ಬೆಳಕು ಹೆಚ್ಚಾದಾಗ ಮಿಡಿಯುತ್ತವೆ, ಕೆಲವು ಕತ್ತಲಾದಾಗ. ಕೆಲವು ಸಣ್ಣ ವಿವರಕ್ಕೆ, ಕೆಲವು ಚಲನೆಗೆ, ಕೆಲವು ಬಣ್ಣದ ವ್ಯತ್ಯಾಸಕ್ಕೆ. ರೆಟಿನಾದ ಪ್ರತಿ ಚುಕ್ಕೆಯನ್ನೂ ಎಲ್ಲ ಜಾತಿಗಳೂ ತಮ್ಮ ತಮ್ಮ ಜಾಲದಿಂದ ಮುಚ್ಚಿವೆ. ಹಾಗಾಗಿ ಮೆದುಳಿಗೆ ಹೋಗುವುದು ಒಂದೇ ಚಿತ್ರವಲ್ಲ, ಒಂದೇ ದೃಶ್ಯದ ಇಪ್ಪತ್ತು ಬಗೆಯ ವರದಿ.

ಎಲೆಕ್ಟ್ರೋಡ್‌ಗೆ ಈ ಜಾತಿಭೇದ ಗೊತ್ತಿಲ್ಲ. ಅದು ಮಿಡಿದಾಗ ‘ಬೆಳಕು ಬಂತು’ ಎನ್ನುವ ಕೋಶವೂ ‘ಕತ್ತಲಾಯಿತು’ ಎನ್ನುವ ಕೋಶವೂ ಒಟ್ಟಿಗೆ ಕೂಗುತ್ತವೆ, ದೀಪ ಹಾಕುವವನೂ ಆರಿಸುವವನೂ ಒಂದೇ ಗಳಿಗೆಯಲ್ಲಿ ಸ್ವಿಚ್ ಒತ್ತಿದ ಹಾಗೆ. ಸಹಜ ಕಣ್ಣಿನಲ್ಲಿ ಇದು ಎಂದೂ ನಡೆಯದ ಸಂಗತಿ. ಪ್ರೈಮಾ ಬೈಪೋಲಾರ್ ಕೋಶಗಳ ಮೂಲಕ ಹೋಗುವುದರಿಂದ ಉಳಿದ ಜಾಲದ ಸ್ವಲ್ಪ ಸೋಸುವಿಕೆ ದಕ್ಕುತ್ತದೆ. ಆದರೂ ಬೆಳಕು-ಕತ್ತಲೆಯ ಎರಡೂ ಬಗೆಯ ಬೈಪೋಲಾರ್ ಕೋಶಗಳು ಒಟ್ಟಿಗೇ ಕೆರಳುತ್ತವೆ. ಬಣ್ಣವಂತೂ ಇಲ್ಲ. ಚಿಪ್ಪಿನ ಬೆಳಕನ್ನು ಬಳಕೆದಾರರು ಬಿಳಿ-ಹಳದಿ ಎಂದು ಹೇಳಿದ್ದಾರೆ. ಮುಖದಂಥ, ನೆರಳು-ಬೆಳಕಿನ ನಯವಾದ ಏರಿಳಿತವಿರುವ ಚಿತ್ರಕ್ಕಿಂತ ಬಿಳಿಯ ಮೇಲೆ ಕಪ್ಪಕ್ಷರ ಓದುವುದರಲ್ಲಿ ಈ ಸಾಧನ ಗಟ್ಟಿ ಎನ್ನುವುದಕ್ಕೆ ಕಾರಣ ಇದೂ ಒಂದು.

ಸ್ಟ್ಯಾನ್‌ಫರ್ಡ್‌ನಲ್ಲೇ ಇ.ಜೆ. ಚಿಚಿಲ್ನಿಸ್ಕಿ ನೇತೃತ್ವದ ತಂಡ ಈ ಭಾಷೆಯನ್ನೇ ಕಲಿಯಲು ಹೊರಟಿದೆ. ಅವರ ಚಿಪ್ ಮೇಲ್ಮೈಯದು, ಆರ್ಗಸ್‌ನಂತೆ. ಆದರೆ ಮಿಡಿಸುವುದಕ್ಕೆ ಮೊದಲು ಅದು ಕೇಳಿಸಿಕೊಳ್ಳುತ್ತದೆ. ಬೆಳಕಿಲ್ಲದೆಯೂ ಕೋಶಗಳು ತಮ್ಮಷ್ಟಕ್ಕೆ ಗುಟ್ಟಾಗಿ ಮಿಡಿಯುತ್ತಿರುತ್ತವೆ. ಆ ಮಿಡಿತದ ಆಕಾರ ಮತ್ತು ಲಯದಿಂದ ಯಾವ ಕೋಶ ಎಲ್ಲಿದೆ, ಯಾವ ಜಾತಿಯದು ಎಂದು ಗುರುತಿಸಬೇಕು. ಆಮೇಲೆ ಒಂದೊಂದೇ ಎಲೆಕ್ಟ್ರೋಡ್‌ಗೆ ಹಂತಹಂತವಾಗಿ ವಿದ್ಯುತ್ತು ಏರಿಸುತ್ತಾ, ಎಷ್ಟಕ್ಕೆ ಯಾವ ಕೋಶ ಎದ್ದಿತು, ಅದರ ಜೊತೆ ಪಕ್ಕದ್ದೂ ಎದ್ದಿತೇ ಎಂಬ ಪಟ್ಟಿ ತಯಾರಿಸಬೇಕು. ಚಿತ್ರ ಬಂದಾಗ ಆ ಪಟ್ಟಿಯಿಂದ ಬೇಕಾದ ಕೋಶಗಳನ್ನಷ್ಟೇ ಎಬ್ಬಿಸುವ ಮಿಡಿತಗಳನ್ನು ಆರಿಸಿ, ಮೆದುಳು ಒಂದೇ ಕ್ಷಣವೆಂದು ಭಾವಿಸುವಷ್ಟು ವೇಗದಲ್ಲಿ ಒಂದರ ಹಿಂದೊಂದು ಕೊಡಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ, ಮಂಗ ಮತ್ತು ದಾನಿಗಳ ರೆಟಿನಾದಲ್ಲಿ, 512 ಎಲೆಕ್ಟ್ರೋಡ್‌ಗಳ ಸಾಧನದಿಂದ ಒಂಟಿ ಕೋಶವನ್ನು ಎಬ್ಬಿಸುವುದು ಹಲವು ಕಡೆ ಸಾಧ್ಯವಾಗಿದೆ.

ಕಣ್ಣಿನೊಳಗೆ ತರುವುದು ಬೇರೆ ಮಾತು. 512 ಎಲೆಕ್ಟ್ರೋಡ್‌ಗಳಿಂದ ಸೆಕೆಂಡಿಗೆ 20,000 ಬಾರಿ, ಪ್ರತಿ ಸಲ 10 ಬಿಟ್ ಓದಿದರೆ ಸೆಕೆಂಡಿಗೆ 10 ಕೋಟಿ ಬಿಟ್. ಅಷ್ಟನ್ನು ಸಂಸ್ಕರಿಸುವ ಚಿಪ್ ಬಿಸಿಯಾಗುತ್ತದೆ. ರೆಟಿನಾದ ಪಕ್ಕದಲ್ಲಿ ಒಂದೆರಡು ಡಿಗ್ರಿ ಏರಿಕೆಯೇ ಆತಂಕದ ವಿಷಯ. ಬೇಕಿಲ್ಲದ ಮಾಹಿತಿಯನ್ನು ಮೂಲದಲ್ಲೇ ಬಿಟ್ಟುಕೊಡುವ ಚಿಪ್ ವಿನ್ಯಾಸ ಈಗಿನ ಕೆಲಸದ ತಿರುಳು. ಇದರ ಜೊತೆಗೆ ರೋಗಪೀಡಿತ ರೆಟಿನಾ ಸುಮ್ಮನೆ ಕಾಯುತ್ತಾ ಕೂರುವುದಿಲ್ಲ. ಬೆಳಕು-ಕೋಶಗಳು ಸತ್ತ ವರ್ಷಗಳ ನಂತರ ಉಳಿದ ಕೋಶಗಳು ಜಾಗ ಬದಲಿಸಿ, ತಪ್ಪು ಕಡೆ ಹೊಸ ಕೊಂಡಿ ಹಾಕಿಕೊಂಡು, ಅರ್ಥವಿಲ್ಲದ ಗದ್ದಲ ಎಬ್ಬಿಸುತ್ತವೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಈ ಅಸ್ತವ್ಯಸ್ತತೆ ಹೆಚ್ಚು. ಪ್ರೈಮಾದ ಫಲಿತಾಂಶ ಮ್ಯಾಕ್ಯುಲಾ ಸವೆತದವರದ್ದು. ಅದನ್ನು ಪಿಗ್ಮೆಂಟೋಸಾ ರೋಗಿಗಳಿಗೆ ಅನ್ವಯಿಸಿ ಹೇಳುವವರನ್ನು ನಂಬಬಾರದು.

ಕಣ್ಣಿನ ಚಲನೆಯ ಪ್ರಶ್ನೆ ಚಿಕ್ಕದಾಗಿ ಕಂಡರೂ ಸಹಜತೆಗೆ ದೊಡ್ಡದು. ಆರ್ಗಸ್‌ನ ಕ್ಯಾಮೆರಾ ತಲೆಗೆ ಅಂಟಿತ್ತು. ತಲೆ ನೇರ ಇಟ್ಟು ಕಣ್ಣು ಮಾತ್ರ ಎಡಕ್ಕೆ ಹೊರಳಿಸಿದರೆ ಚಿತ್ರವೂ ಎಡಕ್ಕೆ ಜಿಗಿಯುತ್ತಿತ್ತು, ವಸ್ತು ಮಾತ್ರ ಅಲ್ಲೇ. ಕೈಚಾಚಿದರೆ ಲೋಟ ಸಿಗುತ್ತಿರಲಿಲ್ಲ. ಅದಕ್ಕೆ ಕಣ್ಣನ್ನು ನಿಲ್ಲಿಸಿ ತಲೆಯನ್ನೇ ತಿರುಗಿಸುವ ಅಭ್ಯಾಸ ಮಾಡಿಸಬೇಕಾಯಿತು. ಒಂದೇ ಕಡೆ ನೆಟ್ಟರೆ ಚಿತ್ರ ಸೆಕೆಂಡುಗಳಲ್ಲಿ ಮಾಸಿಹೋಗುವುದು ಇನ್ನೊಂದು ಕಾಟ. ಪ್ರೈಮಾದಲ್ಲಿ ಚಿತ್ರ ಬೆಳಕಾಗಿ ಕಣ್ಣೊಳಗೆ ಬೀಳುವುದರಿಂದ, ಪ್ರೊಜೆಕ್ಟರಿನ ಚೌಕಟ್ಟಿನೊಳಗೆ ಕಣ್ಣು ಹೊರಳಿಸಿದರೆ ಚಿತ್ರದ ಬೇರೆ ಭಾಗ ಚಿಪ್ಪಿನ ಮೇಲೆ ಬರುತ್ತದೆ. ಸಹಜ ಕಣ್ಣು ಮಾಡುವುದೂ ಅದನ್ನೇ. ಪಿಕ್ಸೆಲ್ ಪಟ್ಟಿಯಲ್ಲಿ ಎಲ್ಲೂ ಕಾಣದ ಈ ಒಂದು ಗುಣಕ್ಕೆ ನಾವು ಹೆಚ್ಚು ಅಂಕ ಕೊಡುತ್ತೇವೆ.

ಕಂಪನಿಯ ಆಯಸ್ಸು, ರೋಗಿಯ ಆಯಸ್ಸು

ಸೆಕೆಂಡ್ ಸೈಟ್ 2019ರಲ್ಲಿ ಆರ್ಗಸ್-2ರ ತಯಾರಿಕೆ ನಿಲ್ಲಿಸಿತು, 2020ರಲ್ಲಿ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 350 ಮಂದಿಯ ಕಣ್ಣಿನಲ್ಲಿ ಅದು ಕೂತಿತ್ತು. ಸೊಂಟದ ಪೆಟ್ಟಿಗೆ ಕೆಟ್ಟರೆ ಬದಲಿ ಇಲ್ಲ, ಎಂಆರ್‌ಐ ಮಾಡಿಸಬೇಕಾದಾಗ ಉತ್ತರ ಕೊಡುವವರಿಲ್ಲ ಎಂಬ ಅವರ ಪಾಡನ್ನು 2022ರಲ್ಲಿ ‘ಐಇಇಇ ಸ್ಪೆಕ್ಟ್ರಮ್’ ಎಂಬ ತಂತ್ರಜ್ಞಾನ ಪತ್ರಿಕೆ ಬಯಲಿಗೆ ತಂದಿತು. ಪ್ರೈಮಾವನ್ನು ಬೆಳೆಸಿದ ಪ್ಯಾರಿಸ್‌ನ ಪಿಕ್ಸಿಯಂ ವಿಷನ್ ಕೂಡ, ಪರೀಕ್ಷೆ ನಡೆಯುತ್ತಿರುವಾಗಲೇ ದಿವಾಳಿಯ ಅಂಚಿಗೆ ಬಂತು. 2024ರಲ್ಲಿ ಕ್ಯಾಲಿಫೋರ್ನಿಯಾದ ಸೈನ್ಸ್ ಕಾರ್ಪೊರೇಷನ್ ಕೊಳ್ಳದಿದ್ದರೆ ಈ ಫಲಿತಾಂಶದ ಗತಿ ಏನಾಗುತ್ತಿತ್ತೋ! ಪ್ರೈಮಾದ ಚಿಪ್ಪಿನಲ್ಲಿ ಬ್ಯಾಟರಿ, ತಂತಿ ಇಲ್ಲದಿರುವುದು ಇಲ್ಲೂ ಅನುಕೂಲವೇ: ಕಂಪನಿ ಮುಚ್ಚಿದರೆ ಅದು ತೆಪ್ಪಗೆ ಕೂತಿರುತ್ತದೆ. ಕನ್ನಡಕ ಮತ್ತು ಅದರ ತಂತ್ರಾಂಶ ಮಾತ್ರ ಕಂಪನಿಯ ಉಸಿರಿನ ಮೇಲೆ.

ಕರ್ನಾಟಕದಲ್ಲಿ ಈ ಸುದ್ದಿಗೆ ಹೆಚ್ಚು ಕಿವಿಗೊಡುವವರು ಪಿಗ್ಮೆಂಟೋಸಾ ಇರುವ ಕುಟುಂಬಗಳು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಮದುವೆ ದೇಶದಲ್ಲೇ ಹೆಚ್ಚು ನಡೆಯುವ ರಾಜ್ಯಗಳಲ್ಲಿ ನಮ್ಮದೂ ಒಂದು. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಕಾಣಿಸಿಕೊಳ್ಳುವ ಬಗೆಯ ಪಿಗ್ಮೆಂಟೋಸಾಗೆ ಅದು ದಾರಿ. ಇಂಥ ಮನೆಗಳಿಗೆ ಚಿಪ್ಪಿಗಿಂತ ಮೊದಲು ಬೇಕಾದದ್ದು ವಂಶವಾಹಿ ಪರೀಕ್ಷೆ. ಆರ್‌ಪಿಇ65 ಎಂಬ ಒಂದು ಜೀನಿನ ದೋಷವಾದರೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಇದೆ, ಆದರೆ ಅದು ಫಲಿಸುವುದು ಕೋಶಗಳು ಸಾಯುವ ಮೊದಲು. ಯಾವ ಜೀನ್ ಎಂದು ತಿಳಿದಿದ್ದರೆ ಮುಂದೆ ಬರುವ ಪರೀಕ್ಷೆಗಳಿಗೆ ಹೆಸರು ಕೊಡುವುದೂ ಸುಲಭ. ಕೋಶಗಳಿಗೆ ಬೆಳಕು ಹಿಡಿಯುವ ಪ್ರೋಟೀನನ್ನೇ ತುಂಬುವ ಆಪ್ಟೋಜೆನೆಟಿಕ್ಸ್ ವಿಧಾನಕ್ಕಾದರೋ ಯಾವ ಜೀನ್ ಎಂಬುದು ಮುಖ್ಯವಲ್ಲ. 2021ರಲ್ಲಿ ಪ್ಯಾರಿಸ್‌ನ ಒಬ್ಬ ರೋಗಿ ವಿಶೇಷ ಕನ್ನಡಕದ ನೆರವಿನಿಂದ ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿದ್ದು ವರದಿಯಾಗಿದೆ.

ಪ್ರೈಮಾ ಭಾರತದ ಆಸ್ಪತ್ರೆಗಳಲ್ಲಿ ದುಡ್ಡು ಕಟ್ಟಿ ಮಾಡಿಸಿಕೊಳ್ಳುವ ಚಿಕಿತ್ಸೆಯಲ್ಲ. ಹಾಗೆಂದು ಮುಂಗಡ ಕೇಳುವವರಿದ್ದರೆ ಅನುಮಾನಿಸಬೇಕು. ಪರೀಕ್ಷೆಗೆ ಕರೆ ಬಂದರೆ ಕೇಳಬೇಕಾದ್ದು ನಾಲ್ಕಾರು ಸಂಗತಿ. ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ಬೈಪೋಲಾರ್, ಗ್ಯಾಂಗ್ಲಿಯನ್ ಪದರ ಎಷ್ಟು ಉಳಿದಿದೆ? ಅಂಚಿನ ನೋಟ ಹೋಗುವ ಅಪಾಯ ಎಷ್ಟು? ಅಳೆದ ದೃಷ್ಟಿ ಜೂಮ್ ಸಮೇತದ್ದೋ, ಇಲ್ಲದ್ದೋ? ಬರೀ ಎಲೆಕ್ಟ್ರಾನಿಕ್ ಭೂತಗನ್ನಡಿಯಿಂದ ಇದೇ ರೋಗಿ ಎಷ್ಟು ಓದಬಲ್ಲರು? ತರಬೇತಿಗೆ ವಾರಕ್ಕೆ ಎಷ್ಟು ದಿನ ಬರಬೇಕು, ಜೊತೆಗೆ ಬರುವವರ ಪ್ರಯಾಣದ ಖರ್ಚು ಯಾರದು? ಚಿಪ್ ಇದ್ದ ಮೇಲೆ ಎಂಆರ್‌ಐ ಮಾಡಿಸಬಹುದೇ, ಎಷ್ಟು ಟೆಸ್ಲಾದವರೆಗೆ (ಯಂತ್ರದ ಕಾಂತಬಲದ ಅಳತೆ)? ಪರೀಕ್ಷೆ ಮುಗಿದ ಮೇಲೆ ಕನ್ನಡಕ ಯಾರ ಬಳಿ ಉಳಿಯುತ್ತದೆ, ಅದು ಕೆಟ್ಟರೆ ಸರಿಪಡಿಸುವವರು ಯಾರು, ಕಂಪನಿ ಕೈಬಿಟ್ಟರೆ ಚಿಪ್ ತೆಗೆಸುವ ಖರ್ಚು ಯಾರದು ಎಂಬುದು ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು, ಬಾಯಿಮಾತಿನಲ್ಲಿ ಸಾಲದು.